ಹಂಚಿನ ಹೊಟ್ಟೆಯ ಹೆಸರುಗಳು

ಹಂಚಿನ ಮಾಡಿನ ಮನೆಯಲ್ಲಿ ಬಾಳಿದವರಿಗೆ ಮಳೆಗಾಲದ ಮೊದಲಿನ ಕೆಲಸ ಹೇಳಿಕೊಡಬೇಕಾಗಿಲ್ಲ. ಗಂಡಸರು ಮಾಡು ಹತ್ತಿ ಒಡೆದ ಹಂಚು ತೆಗೆಯುತ್ತಾರೆ. ಕೆಳಗೆ ಅಂಗಳದಲ್ಲಿ ನಿಂತು ಒಂದೊಂದೇ ಹಂಚನ್ನು ಎತ್ತಿ ಕೊಡುವವರು ಹೆಂಗಸರು, ಮಕ್ಕಳು. ಹಾಗೆ ಎತ್ತಿ ಕೊಡುವಾಗ ಕಣ್ಣಿಗೆ ಬೀಳುವುದು ಹಂಚಿನ ಹೊಟ್ಟೆಯಲ್ಲಿ ಉಬ್ಬಿ ನಿಂತ ಇಂಗ್ಲಿಷ್ ಅಕ್ಷರಗಳು. ಒಂದು ಕಂಪೆನಿಯ ಹೆಸರು, ಒಂದು ಊರಿನ ಹೆಸರು, ಕೆಲವದರಲ್ಲಿ ಒಂದು ಇಸವಿ, ಇನ್ನು ಕೆಲವದರಲ್ಲಿ ಗುರುತಿನ ಚಿತ್ರ. ಅಕ್ಷರ ಬಾರದವರೂ ಚಿತ್ರ ನೋಡಿ ಇಂಥದೇ ಹಂಚು ಬೇಕು ಎಂದು ಅಂಗಡಿಯಲ್ಲಿ ಕೇಳುತ್ತಿದ್ದ ಕಾಲವೊಂದಿತ್ತು.

ಮುದ್ರೆ, ಕಂಪೆನಿ, ಊರು. ಈ ಮೂರನ್ನೂ ನಾವು ದಿನ ಬೆಳಗಾದರೆ ಬಾಯಲ್ಲಿ ಆಡುತ್ತೇವೆ. ಇವುಗಳಲ್ಲಿ ಯಾವುದು ಯಾವುದು ಎಂದು ಬಿಡಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಈಗ ಸರಕಾರದ ಕಚೇರಿ, ಬ್ಯಾಂಕು, ಪಿಂಚಣಿಯ ಲೆಕ್ಕ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿಕೊಂಡಿವೆ. ಕಂಪ್ಯೂಟರಿಗೆ ನಮ್ಮ ಹಾಗೆ ಅಂದಾಜು ತಿಳಿಯುವುದಿಲ್ಲ. ಅದರ ಪಟ್ಟಿಯಲ್ಲಿ ಒಂದೇ ಕಂಪೆನಿ ಎರಡು ಹೆಸರಿನಲ್ಲಿ ಕುಳಿತರೆ ಅದಕ್ಕೆ ಅದು ಎರಡು ಕಂಪೆನಿ. ಒಂದೇ ಊರಿನ ಕಾಗುಣಿತ ಎರಡಾದರೆ ಎರಡು ಊರು. ಇದು ಹೊಸ ಕಾಲದ ತೊಂದರೆ ಎಂದು ಹೇಳುವವರಿದ್ದಾರೆ. ನಮ್ಮ ಜಿಲ್ಲೆಯ ಚರಿತ್ರೆ ನೋಡಿದರೆ ಹಾಗೆ ಅನಿಸುವುದಿಲ್ಲ. ನೂರೈವತ್ತು ವರ್ಷಗಳಿಂದ ನಾವು ಇದೇ ಗೊಂದಲದೊಳಗೆ ಸಂಸಾರ ಮಾಡಿಕೊಂಡು ಬಂದಿದ್ದೇವೆ.

ಮೊದಲು ಹಂಚಿನ ಸಂಗತಿಯನ್ನೇ ಮುಗಿಸೋಣ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಹತ್ತಿರದಲ್ಲೇ ಇತ್ತು, ಸುಡಲು ಸೌದೆ ಇತ್ತು, ಸಾಗಿಸಲು ಹೊಳೆ ಮತ್ತು ಬಂದರು ಇದ್ದವು. ಮುಳಿಹುಲ್ಲಿನ ಮಾಡು ಪ್ರತಿವರ್ಷ ಹೊದೆಸಬೇಕು, ಬೆಂಕಿಯ ಭಯ ಬೇರೆ. ಹಂಚು ಬಂದ ಮೇಲೆ ಆ ಚಿಂತೆ ಕಡಿಮೆಯಾಯಿತು. ಅದನ್ನು ನೋಡಿ ಊರವರೂ ಕಾರ್ಖಾನೆ ತೆರೆದರು, ನದಿಯ ದಂಡೆಯುದ್ದಕ್ಕೂ ಹೊಗೆಕೊಳವೆಗಳು ಎದ್ದವು.

ಆ ಹಂಚುಗಳ ಮೇಲೆ 1865 ಎಂಬ ಇಸವಿ ಕಂಡವರು ಎಷ್ಟೋ ಸಲ ಈ ಹಂಚು 1865ರದ್ದು ಎಂದುಕೊಳ್ಳುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಬೆಂದ ವರ್ಷವಲ್ಲ. ಮುಂದೆ ಮೊದಲನೇ ಮಹಾಯುದ್ಧ ಬಂತು. ಮಿಶನಿನಲ್ಲಿ ಜರ್ಮನರು ಬಹಳ ಮಂದಿ ಇದ್ದುದರಿಂದ ಬ್ರಿಟಿಷ್ ಸರಕಾರ ಅವರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೆ ಸಂಸ್ಥೆಯ ಕೈಗೆ ಹೋದವು. ಮಣ್ಣು ಅದೇ, ಒಲೆ ಅದೇ, ಕೆಲಸದವರೂ ಅವರೇ. ಒಡೆಯ ಮಾತ್ರ ಬೇರೆ. ಆಗ ಅದನ್ನು ಹಳೆಯ ಕಾರ್ಖಾನೆ ಎನ್ನಬೇಕೇ, ಹೊಸದು ಎನ್ನಬೇಕೇ? ಕಾರ್ಖಾನೆ ಎಂದರೆ ಸ್ಥಳವೆಂದುಕೊಂಡರೆ ಹಳೆಯದು, ಕಂಪೆನಿ ಎಂದುಕೊಂಡರೆ ಹೊಸದು. ಎರಡು ಉತ್ತರವೂ ಸರಿ. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಲು ಹೊರಟರೆ ಮಾತ್ರ ತಪ್ಪಾಗುತ್ತದೆ.

ಇನ್ನೊಂದು ತಮಾಷೆ ಇದೆ. ‘ಮಂಗಳೂರು ಹಂಚು’ ಎಂದರೆ ಮಂಗಳೂರಿನಲ್ಲಿ ಮಾಡಿದ ಹಂಚು ಎಂದು ನಮ್ಮ ಎಣಿಕೆ. ಕೇರಳದ ಕಾರ್ಖಾನೆಗಳಲ್ಲಿ ಮಾಡಿದ ಹಂಚಿಗೂ ಅದೇ ಹೆಸರು. ಭಾರತೀಯ ಮಾನಕ ಸಂಸ್ಥೆಯವರ 654ನೇ ಮಾನಕದಲ್ಲಿ ಮಂಗಳೂರು ಮಾದರಿಯ ಹಂಚು ಹೇಗಿರಬೇಕೆಂದು ಅಳತೆ ಸಮೇತ ಹೇಳಿದ್ದಾರೆ. ಅಲ್ಲಿ ಮಂಗಳೂರು ಎಂಬುದು ಊರಾಗಿ ಉಳಿಯದೆ ಒಂದು ಆಕಾರದ ಹೆಸರಾಗಿದೆ. ಮೈಸೂರುಪಾಕನ್ನು ಪುತ್ತೂರಿನ ಹೋಟೆಲಿನಲ್ಲಿ ಮಾಡಿದರೂ ಅದು ಮೈಸೂರುಪಾಕೇ ಅಲ್ಲವೇ!

ಈಗ ಊರಿನ ವಿಷಯಕ್ಕೆ ಬರೋಣ. ಊರು ಎಲ್ಲಿಗೂ ಓಡಿಹೋಗುವುದಿಲ್ಲ, ಅದರ ವಿಳಾಸ ಬರೆಯಲು ಏನು ಕಷ್ಟ ಎಂದು ಕೇಳಬಹುದು. ಊರು ಓಡುವುದಿಲ್ಲ ನಿಜ. ಅದರ ಸುತ್ತ ಎಳೆದ ಗೆರೆಗಳು ಓಡಾಡುತ್ತಲೇ ಇರುತ್ತವೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ನಮ್ಮ ಕರಾವಳಿ ಇಂಗ್ಲಿಷರ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರರು. ಆಗ ಇದಕ್ಕೆ ಬರೀ ಕೆನರಾ ಎಂದು ಹೆಸರು. ಆಮೇಲೆ ಅದು ಉತ್ತರ, ದಕ್ಷಿಣ ಎಂದು ಎರಡಾಯಿತು. 1862ರಲ್ಲಿ ಉತ್ತರದ ಪಾಲು ಬೊಂಬಾಯಿ ಪ್ರಾಂತಕ್ಕೆ ಹೋಯಿತು, ನಾವು ಮದರಾಸಿನ ಕೆಳಗೆ ಉಳಿದೆವು. ಅದಕ್ಕೂ ಮೊದಲು 1834ರಲ್ಲಿ ಕೊಡಗಿನ ರಾಜನನ್ನು ಇಳಿಸಿದಾಗ ಅವನ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಕಾಗದದ ಮೇಲೆ ಇದು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ನಾಲ್ಕು ಹೆಸರು ವರ್ಗಾಯಿಸಿದ ಕೆಲಸ. ರೈತರಿಗೆ ಹಾಗಾಗಲಿಲ್ಲ. ಕೊಡಗಿನ ಕಾಲದಲ್ಲಿ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕಟ್ಟಬೇಕಾಯಿತು. ನಗದಿಗಾಗಿ ಸಾಲಗಾರನ ಬಾಗಿಲಿಗೆ ಹೋಗಬೇಕಾಯಿತು. 1837ರ ಅಮರ ಸುಳ್ಯದ ದಂಗೆಗೆ, ನಾವು ಕಲ್ಯಾಣಪ್ಪನ ಕಾಟಕಾಯಿ ಎಂದು ಕೇಳುತ್ತ ಬಂದ ಆ ಬಂಡಾಯಕ್ಕೆ, ಇದೂ ಒಂದು ಕಾರಣ. ಒಂದು ಊರನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೇವೆ ಎಂಬುದರಿಂದ ಮನುಷ್ಯರ ಅನ್ನದ ಬಟ್ಟಲು ಅಲುಗಾಡುತ್ತದೆ ಎನ್ನಲು ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ತಿಳಿಯದು.

ಇಪ್ಪತ್ತನೇ ಶತಮಾನದ ಆರಂಭದ ಗೆಜೆಟಿಯರಿನಲ್ಲಿ ನಮ್ಮ ಪುತ್ತೂರು ತಾಲೂಕನ್ನು ಹುಡುಕಿದರೆ ಸಿಗುವುದಿಲ್ಲ. ಆಗ ಇದರ ಹೆಸರು ಉಪ್ಪಿನಂಗಡಿ ತಾಲೂಕು. ಕಚೇರಿ ಮಾತ್ರ ಪುತ್ತೂರಿನಲ್ಲಿ! ಹೆಸರು ಒಂದು ಕಡೆ, ಅಮಲ್ದಾರರು ಇನ್ನೊಂದು ಕಡೆ. ಆ ದೊಡ್ಡ ತಾಲೂಕಿನಿಂದ ಮುಂದೆ ಬೆಳ್ತಂಗಡಿ ಬೇರೆಯಾಯಿತು, ಸುಳ್ಯ ಬೇರೆಯಾಯಿತು, ಈಚೆಗೆ ಕಡಬವೂ ಬೇರೆ ತಾಲೂಕಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ನೂರು ವರ್ಷ ಬಾಳಿದ ಒಬ್ಬ ಅಜ್ಜಿ ಕಡಬದ ತನ್ನ ಮನೆಯ ಹೊಸಿಲು ದಾಟದೆಯೂ ಎರಡು ಮೂರು ತಾಲೂಕು, ಹೆಸರು ಬದಲಾದ ಒಂದು ಜಿಲ್ಲೆ, ಮದರಾಸು, ಮೈಸೂರು, ಕರ್ನಾಟಕ ಎಲ್ಲವನ್ನೂ ಸುತ್ತಿ ಬಂದ ಹಾಗಾಯಿತು.

ನಮ್ಮ ಬೆಟ್ಟಂಪಾಡಿಗೆ ಗಡಿ ಬಹಳ ದೂರವಿಲ್ಲ. ಪಾಣಾಜೆ ದಾಟಿದರೆ ಕೇರಳದ ಸ್ವರ್ಗ, ಪೆರ್ಲ. ಆಚೆಯವರೂ ಈಚೆಯವರೂ ಸಂಬಂಧ ಬೆಳೆಸುವವರು, ಒಂದೇ ಯಕ್ಷಗಾನ ನೋಡುವವರು, ಅಡಿಕೆಯ ಧಾರಣೆಯನ್ನೇ ಮಾತಾಡುವವರು. ಅಂಚೆಯ ಪಿನ್‌ಕೋಡು ಮಾತ್ರ ಆಚೆ 671ರಿಂದ ಆರಂಭ, ಈಚೆ 574ರಿಂದ. ಮದುವೆಯಾಗಿ ಬಂದ ಹೆಣ್ಣುಮಗಳ ತವರಿನ ದಾಖಲೆಯಲ್ಲಿ ಊರಿನ ಹೆಸರು ಮಲಯಾಳದ ಉಚ್ಚಾರವನ್ನು ಅನುಸರಿಸಿ ಇಂಗ್ಲಿಷಿಗೆ ಹೋಗಿರುತ್ತದೆ. ಗಂಡನ ಮನೆಯ ದಾಖಲೆಯಲ್ಲಿ ಅದೇ ತವರೂರು ಕನ್ನಡದ ಉಚ್ಚಾರದಂತೆ ಇರುತ್ತದೆ. ಇಬ್ಬರು ಗುಮಾಸ್ತರಿಗೆ ಅದು ಎರಡು ಊರು. ಇಷ್ಟು ದೂರ ಹೋಗುವುದೂ ಬೇಡ. ಬೆಟ್ಟಂಪಾಡಿಯನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ‘ವೈ’ ಹಾಕುವವರಿದ್ದಾರೆ, ‘ಐ’ ಹಾಕುವವರಿದ್ದಾರೆ. ಸುಳ್ಯಕ್ಕಂತೂ ಮೂರು ಬಗೆಯ ಕಾಗುಣಿತ ಕಂಡಿದ್ದೇನೆ. ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. 2014ರ ನವೆಂಬರ್ 1ರಂದು ಸರಕಾರ ಅದರ ಹೆಸರು ಬದಲಾಯಿಸಿತು ಎನ್ನುತ್ತಾರೆ. ಕನ್ನಡದಲ್ಲಿ ಬರೆಯುವ ನಮಗೆ ಒಂದಕ್ಷರವೂ ಬದಲಾಗಲಿಲ್ಲ. ಇಂಗ್ಲಿಷ್ ಪಟ್ಟಿ ಇಟ್ಟುಕೊಂಡವರಿಗೆ ಮಾತ್ರ ಹಳೆಯದೆಲ್ಲ ತಿದ್ದುವ ಕೆಲಸ ಬಂತು.

ರೈಲ್ವೆಯವರು ಈ ವಿಷಯದಲ್ಲಿ ನಮಗಿಂತ ಜಾಣರು. ಆಂಧ್ರದಲ್ಲಿ ತಿರುಪತಿಯ ಕಡೆ ಒಂದು ಪುತ್ತೂರಿದೆ, ಅಲ್ಲಿಯೂ ರೈಲು ನಿಲ್ಲುತ್ತದೆ. ನಮ್ಮ ನಿಲ್ದಾಣಕ್ಕೆ ಪಕ್ಕದ ಊರನ್ನು ಜೋಡಿಸಿ ಕಬಕ ಪುತ್ತೂರು ಎಂದು ಹೆಸರು. ಎರಡಕ್ಕೂ ಬೇರೆ ಬೇರೆ ಸಂಕೇತಾಕ್ಷರ. ಟಿಕೇಟು ಕೊಡುವವನಿಗೆ ಅನುಮಾನವಿಲ್ಲ. ವಿಮಾನದವರೂ ಹಾಗೆಯೇ. ಊರವರು ಬಜ್ಪೆ ಎನ್ನಲಿ, ಫಲಕ ಮಂಗಳೂರು ಎನ್ನಲಿ, ಅವರ ಮೂರಕ್ಷರದ ಸಂಕೇತ ಕದಲುವುದಿಲ್ಲ. ಅಂಚೆಯ ಪಿನ್‌ಕೋಡನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದವರು ಶ್ರೀರಾಮ ಭಿಕಾಜಿ ವೇಲಣಕರರು. ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದ ಅಧಿಕಾರಿ ಅವರು. ದೇಶದ ತುಂಬ ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಓದಲಾಗದ ಕೈಬರಹ. ಇವುಗಳ ನಡುವೆ ಆರು ಅಂಕಿ ನಿಂತು ಕಾಗದವನ್ನು ಮನೆಗೆ ಮುಟ್ಟಿಸಿತು. 2011ರ ಜನಗಣತಿಯವರು ಪ್ರತಿಯೊಂದು ಗ್ರಾಮಕ್ಕೂ ಹೀಗೆಯೇ ಆರು ಅಂಕಿಯ ಸಂಖ್ಯೆ ಕೊಟ್ಟರು. ಹೆಸರನ್ನು ಹೇಗೆ ಬೇಕಾದರೂ ಉಚ್ಚರಿಸಲಿ, ಅಂಕಿ ಒಂದೇ ಇರಲಿ ಎಂಬುದು ಅದರ ಹಿಂದಿನ ಆಲೋಚನೆ.

ಊರಿನ ಹೆಸರು ಹೋದರೂ ಕಂಪೆನಿಯ ಹೆಸರಿನಲ್ಲಿ ಉಳಿದುಕೊಳ್ಳುವುದುಂಟು. ಬ್ಯಾಂಕುಗಳ ಕಥೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಹೆಣ್ಣುಮಕ್ಕಳಿಗೆ ಕೆನರಾ ಶಾಲೆ ತೆರೆದವರೂ ಇವರೇ ಎಂಬುದನ್ನು ನಾವು ಮರೆಯಬಾರದು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದು ಬ್ಯಾಂಕು ತೆರೆದರು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. ಹೆಸರಿನ ಜೊತೆಗೆ ಕಂಸದಲ್ಲಿ ಉಡುಪಿ ಎಂದೂ ಸೇರಿಸಿಕೊಂಡಿದ್ದರು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಕೂಡಿ ಉಡುಪಿಯಲ್ಲೇ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಒಂದೇ ಜಿಲ್ಲೆಯಲ್ಲಿ ಮೂರು ಬ್ಯಾಂಕು, ಮೂರರ ತಲೆಯಲ್ಲೂ ಕೆನರಾ! ‘ಕೆನರಾದಲ್ಲಿ ದುಡ್ಡಿಟ್ಟಿದ್ದೇನೆ’ ಎಂದು ಒಬ್ಬಾಕೆ ಹೇಳಿದರೆ ಯಾವ ಕೆನರಾ ಎಂದು ಕೇಳಬೇಕಾಗಿದ್ದ ಕಾಲ ಅದು. ಜನ ತಮ್ಮದೇ ದಾರಿ ಕಂಡುಕೊಂಡರು. ಒಂದನ್ನು ಕೆನರಾ ಎಂದರು, ಇನ್ನೊಂದನ್ನು ಕಾರ್ಪೊರೇಶನ್ ಎಂದರು, ಮತ್ತೊಂದನ್ನು ಸಿಂಡಿಕೇಟ್ ಎಂದರು. ಕೊನೆಗೆ ಬ್ಯಾಂಕುಗಳೂ ಅದೇ ದಾರಿಗೆ ಬಂದವು. 1960ರ ದಶಕದಲ್ಲಿ ಒಂದು ಸಿಂಡಿಕೇಟ್ ಬ್ಯಾಂಕ್ ಆಯಿತು, 1972ರಲ್ಲಿ ಇನ್ನೊಂದು ಕಾರ್ಪೊರೇಶನ್ ಬ್ಯಾಂಕ್ ಆಯಿತು.

ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಅವರ ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮೀನು ಮಾರುವವರು, ಹೂ ಕಟ್ಟುವವರು, ಹಪ್ಪಳ ಮಾಡುವವರು ಹೀಗೆ ಎಷ್ಟೋ ಹೆಂಗಸರು ಗಂಡನ ಕೈಗೆ ಸಿಗದ ನಾಲ್ಕು ಕಾಸು ಕೂಡಿಟ್ಟದ್ದು ಪಿಗ್ಮಿಯಲ್ಲಿ. ಪಿಗ್ಮಿ ಎಂಬುದು ಒಂದು ಬ್ಯಾಂಕಿನ ಒಂದು ಯೋಜನೆಯ ಹೆಸರು. ಈಗ ಯಾವ ಸೊಸೈಟಿಯ ಹುಡುಗ ದಿನಾ ಹಣ ಕೇಳಿಕೊಂಡು ಬಂದರೂ ‘ಪಿಗ್ಮಿಯವ ಬಂದ’ ಎನ್ನುತ್ತೇವೆ. ಮುದ್ರೆ ಮೆಲ್ಲಗೆ ವಸ್ತುವಿನ ಹೆಸರೇ ಆಗಿಬಿಡುವುದು ಹೀಗೆ.

ಮುಂದಿನದು ನಿಮಗೆ ನೆನಪಿರುತ್ತದೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು, ಸಿಂಡಿಕೇಟು ಕೆನರಾ ಬ್ಯಾಂಕಿಗೆ ಸೇರಿತು. ಕೆನರಾ ಎಂಬ ಹೆಸರು ಬಿಟ್ಟುಹೋದ ಬ್ಯಾಂಕು ಅರ್ಧ ಶತಮಾನದ ಮೇಲೆ ಕೆನರಾ ಎಂಬ ಹೆಸರಿಗೇ ಹಿಂತಿರುಗಿತು. ಶಾಖೆ ಅದೇ ಕಟ್ಟಡದಲ್ಲಿ, ಕೌಂಟರಿನಲ್ಲಿ ಅದೇ ಮುಖ. ಫಲಕ ಬದಲಾಯಿತು, ಪಾಸ್‌ಪುಸ್ತಕ ಬದಲಾಯಿತು, ಶಾಖೆಯ ಐಎಫ್‌ಎಸ್‌ಸಿ ಸಂಕೇತವೂ ಬದಲಾಯಿತು. ಆ ಸಂಕೇತದ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಕೊನೆಯ ಆರು ಶಾಖೆಯದು. ಬ್ಯಾಂಕಿನ ಹೆಸರನ್ನೇ ಸಂಕೇತದೊಳಗೆ ಹೊಲಿದು ಬಿಟ್ಟದ್ದರಿಂದ ಬ್ಯಾಂಕು ಹೋದಾಗ ಸಂಕೇತವೂ ಹೋಗಬೇಕಾಯಿತು. ಸಿಂಡಿಕೇಟಿನ ಹಳೆಯ ಸಂಕೇತಗಳು 2021ರ ಜೂನ್ 30ರವರೆಗೆ ನಡೆದು ನಿಂತವು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ವಿಮೆಯ ಕಾಗದದಲ್ಲಿ, ಮಗ ಊರಿಂದ ಹಣ ಕಳಿಸುವಲ್ಲಿ ಎಲ್ಲ ಕಡೆ ಹಳೆಯದನ್ನು ಹೊಡೆದು ಹೊಸದು ಬರೆಯಬೇಕಾದವರು ಖಾತೆದಾರರು.

ನಮ್ಮ ತೋಟದವರ ಕ್ಯಾಂಪ್ಕೊ ಕೂಡ ಇಂಥದೇ ಒಂದು ಪಾಠ. ಅಡಿಕೆಯ ಧಾರಣೆ ಪಾತಾಳಕ್ಕೆ ಇಳಿದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಹುಟ್ಟಿದ ಸಹಕಾರಿ ಸಂಸ್ಥೆ ಅದು. ಮುಖ್ಯ ಕಚೇರಿ ಮಂಗಳೂರಿನಲ್ಲಿ, ಸದಸ್ಯರು ಕರ್ನಾಟಕ ಮತ್ತು ಕೇರಳ ಎರಡರಲ್ಲೂ. 1986ರಲ್ಲಿ ಪುತ್ತೂರಿನ ಚಾಕಲೇಟು ಕಾರ್ಖಾನೆಯನ್ನು ರಾಷ್ಟ್ರಪತಿ ಜ್ಞಾನಿ ಜೈಲ್‌ಸಿಂಗರು ಉದ್ಘಾಟಿಸಿದರು. ಮಕ್ಕಳಿಗೆ ಕ್ಯಾಂಪ್ಕೊ ಎಂದರೆ ಚಾಕಲೇಟು. ಅಡಿಕೆ ಬೆಳೆಗಾರನಿಗೆ ಅದು ಧಾರಣೆ. ‘ಕ್ಯಾಂಪ್ಕೊಗೆ ಹೋಗಿ ಬರ್ತೇನೆ’ ಎಂದು ಚೀಲ ಹೊತ್ತು ಹೊರಟವನಿಗೆ ಅದೊಂದು ಸ್ಥಳ. ಒಂದು ಹೆಸರು ಮೂರು ಕೆಲಸ ಮಾಡುತ್ತಿದೆ, ಕೇಳುವವರಿಗೆ ಸಂದರ್ಭದಿಂದ ತಿಳಿಯುತ್ತದೆ. ಆದರೆ ಅಡಿಕೆಯನ್ನು ರಾಶಿ ಹಾಕಿ ಆರಿಸುವಾಗ ಇದೇ ಜನ ಹೀಗೆ ಅಂದಾಜಿನಲ್ಲಿ ಬಿಡುವುದಿಲ್ಲ. ಹೊಸ ಚಾಲಿ ಬೇರೆ, ಹಳೆ ಚಾಲಿ ಬೇರೆ, ಪಟೋರ, ಉಳ್ಳಿ, ಕರಿಗೋಟು, ಕೋಕ ಎಲ್ಲ ಬೇರೆ ಬೇರೆ. ಆರಿಸುವ ಹೆಂಗಸರ ಕೈ ಒಂದು ಗಳಿಗೆಯೂ ತಡವರಿಸುವುದಿಲ್ಲ. ಬೆರಕೆಯಾದರೆ ಧಾರಣೆ ಇಳಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ವಿಂಗಡಣೆ ನಮಗೆ ಬಾರದ ವಿದ್ಯೆಯೇನಲ್ಲ.

ಇಷ್ಟೆಲ್ಲ ಹೇಳಿದ್ದು ಬೀಡಿಯ ವಿಷಯಕ್ಕೆ ಬರಲಿಕ್ಕೆ. ನಮ್ಮ ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿಗೆ ಲೆಕ್ಕವಿಲ್ಲ. ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರಕ್ಕೆ ಇಂತಿಷ್ಟು ಎಂದು ಕಟ್ಟಿಕೊಡುವವರು. ಎಲೆ, ಹೊಗೆಸೊಪ್ಪು ಕೊಡುವುದೂ ಕಟ್ಟಿದ ಬೀಡಿ ತೆಗೆದುಕೊಳ್ಳುವುದೂ ‘ಬ್ರಾಂಚಿ’ನಲ್ಲಿ. ಬ್ರಾಂಚು ಒಬ್ಬ ಗುತ್ತಿಗೆದಾರನದು. ಬೀಡಿಯ ಕಟ್ಟಿಗೆ ಅಂಟಿಸುವ ಮುದ್ರೆ ಇನ್ನೊಬ್ಬರದು. ಹಾಗಾದರೆ ಈ ಹೆಂಗಸು ಯಾರ ಕೆಲಸದವಳು? ಅವಳ ಕೆಲಸದ ಸ್ಥಳ ಯಾವುದು?

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಮಾಲಿಕನಿಂದಲೋ ಗುತ್ತಿಗೆದಾರನಿಂದಲೋ ಕಚ್ಚಾಮಾಲು ಪಡೆದು ಮನೆಯಲ್ಲಿ ಬೀಡಿ ಕಟ್ಟುವವಳೂ ನೌಕರಳೇ ಎಂದು ಅದು ಸ್ಪಷ್ಟವಾಗಿ ಹೇಳಿತು. ಕಂಪೆನಿಗಳು ಒಪ್ಪಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದವು. ಆ ಮೊಕದ್ದಮೆಗೆ ಹೆಸರು ಬಂದದ್ದು ಮಂಗಳೂರು ಗಣೇಶ ಬೀಡಿ ವರ್ಕ್ಸ್ ಎಂಬ ಸಂಸ್ಥೆಯಿಂದ. 1974ರಲ್ಲಿ ಕೋರ್ಟು ಆ ಕಾನೂನನ್ನು ಎತ್ತಿ ಹಿಡಿಯಿತು. ಭವಿಷ್ಯನಿಧಿಯ ವಿಷಯದಲ್ಲಿ ಇನ್ನೊಂದು ಮೊಕದ್ದಮೆ ನಡೆದು, 1985ರಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಅದು ಸಲ್ಲಬೇಕೆಂದು ತೀರ್ಮಾನವಾಯಿತು. 1966ರ ಕಾನೂನನ್ನು 2020ರ ಕಾರ್ಮಿಕ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿತು. ನಡುವೆ ಬ್ರಾಂಚು ಇದ್ದರೂ ಅವಳ ಮತ್ತು ಕಂಪೆನಿಯ ಸಂಬಂಧ ಕಡಿಯುವುದಿಲ್ಲ ಎಂದು ಕೋರ್ಟಿನಲ್ಲಿ ನಿಂತದ್ದು ಹೀಗೆ. ನಮ್ಮ ಜಗಲಿ ಕೆಲಸದ ಸ್ಥಳವೆಂದು ಲೆಕ್ಕಕ್ಕೆ ಬಂದದ್ದೂ ಹೀಗೆ.

ಈ ಗಣೇಶ ಬೀಡಿಯ ಹೆಸರೇ ಒಂದು ಒಗಟು. ಹೆಸರಿನಲ್ಲಿ ಮಂಗಳೂರು ಇದೆ, ಸಂಸ್ಥೆ ಇರುವುದು ಮೈಸೂರಿನಲ್ಲಿ. 1940ರಲ್ಲಿ ಪಾಲುದಾರಿಕೆಯಾಗಿ ಆರಂಭವಾದದ್ದು 1987ರಲ್ಲಿ ವಿಸರ್ಜನೆಯಾಯಿತು. 1994ರಲ್ಲಿ ಪಾಲುದಾರರ ನಡುವೆಯೇ ಹರಾಜು ನಡೆದು, ಮೂವರು ಪಾಲುದಾರರು 92 ಕೋಟಿ ರೂಪಾಯಿಗೆ ಅದನ್ನು ಕೊಂಡರು. ತೆರಿಗೆಯ ಲೆಕ್ಕದಲ್ಲಿ ವ್ಯಾಜ್ಯ ಬಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ವ್ಯಾಪಾರದ ಮುದ್ರೆಯೂ ಕಾರ್ಖಾನೆಯ ಯಂತ್ರೋಪಕರಣದ ಹಾಗೆ ಒಂದು ಸಾಧನವೆಂದು ಎಣಿಸತಕ್ಕದ್ದು. ಕಂಪೆನಿ ವಿಸರ್ಜನೆಯಾಗಬಹುದು, ಒಡೆಯರು ಬದಲಾಗಬಹುದು, ಮುದ್ರೆ ಬದುಕಿಕೊಂಡು ಕೈಯಿಂದ ಕೈಗೆ ಹೋಗಬಹುದು. ಮುದ್ರೆಗೂ ಕಂಪೆನಿಗೂ ಬೇರೆ ಬೇರೆ ಕಾಲಂ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಯಾವ ಬೀಡಿ, ಯಾವ ಬ್ರಾಂಚು ಎಂಬುದು ಇಲ್ಲಿ ಬೇಡ, ಅದು ಮೇಲೆ ಹೇಳಿದ ಯಾವುದಕ್ಕೂ ಸೇರಿದ್ದಲ್ಲ. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ತಾಯಿ ಪಿಂಚಣಿಯ ಅರ್ಜಿ ಹಿಡಿದುಕೊಂಡು ಬಂದಿದ್ದರು.

“ಟೀಚರೇ, ಇದ್ರಲ್ಲಿ ಕಂಪೆನಿಯ ಹೆಸ್ರು ಅಂತ ಉಂಟಲ್ಲ, ಏನು ಬರೆಯುದು? ಬ್ರಾಂಚಿನವರ ಹೆಸ್ರಾ, ಬೀಡಿಯ ಹೆಸ್ರಾ?”

“ನಿಮ್ಮ ಹತ್ರ ಇರುವ ಬುಕ್ಕುಗಳನ್ನೆಲ್ಲ ತನ್ನಿ ಅಮ್ಮ, ನೋಡುವ” ಎಂದೆ.

ಮರುದಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರು. ಒಂದು ಪುಸ್ತಕದಲ್ಲಿ ಗುತ್ತಿಗೆದಾರನ ಹೆಸರು, ಇನ್ನೊಂದರಲ್ಲಿ ಬೀಡಿಯ ಮುದ್ರೆಯ ಹೆಸರು, ಭವಿಷ್ಯನಿಧಿಯ ಚೀಟಿಯಲ್ಲಿ ಕಂಪೆನಿಯ ಹೆಸರು. ನಡುವೆ ಕಂಪೆನಿ ತನ್ನ ಹೆಸರನ್ನು ಬದಲಾಯಿಸಿಕೊಂಡಿತ್ತು. ಹಳೆಯ ಹೆಸರಿನ ಕೆಳಗೆ ಅವರ ಏಳು ವರ್ಷದ ದುಡಿಮೆ, ಹೊಸ ಹೆಸರಿನ ಕೆಳಗೆ ಐದು ವರ್ಷದ್ದು. 1995ರ ಪಿಂಚಣಿ ಯೋಜನೆಯ ಪ್ರಕಾರ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಕೂಡಿಸಿದರೆ ಹನ್ನೆರಡು, ಬಿಡಿಯಾಗಿ ನೋಡಿದರೆ ಯಾವುದೂ ಹತ್ತು ಮುಟ್ಟುವುದಿಲ್ಲ. ಸಾಲದೆಂಬಂತೆ ಅವರ ಊರನ್ನು ಒಂದರಲ್ಲಿ ಗ್ರಾಮದ ಹೆಸರಿನಿಂದ, ಇನ್ನೊಂದರಲ್ಲಿ ಅಂಚೆಯ ಊರಿನಿಂದ ಬರೆದಿದ್ದರು. ಇಬ್ಬರು ಬೇರೆ ಹೆಂಗಸರೆಂದು ಪಟ್ಟಿ ತೀರ್ಮಾನಿಸಿತ್ತು.

ಕೊನೆಗೆ ಅವರನ್ನು ಕಾಪಾಡಿದ್ದು ಎರಡೂ ಚೀಟಿಗಳ ಮೂಲೆಯಲ್ಲಿದ್ದ ಒಂದು ಸಣ್ಣ ಅಂಕಿ. ಭವಿಷ್ಯನಿಧಿಯ ಕಚೇರಿ ಸಂಸ್ಥೆಗೆ ಕೊಟ್ಟ ಸಂಖ್ಯೆ ಅದು. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗಿರಲಿಲ್ಲ. ಅದನ್ನು ತೋರಿಸಿ, ಹೆಸರು ಬದಲಾದ ಕಾಗದದ ನಕಲು ತರಿಸಿ, ಗ್ರಾಮ ಮತ್ತು ಅಂಚೆ ಒಂದೇ ಎಂದು ಪಂಚಾಯತಿಯಿಂದ ಬರೆಸಿ, ಒಂದು ವರ್ಷ ಓಡಾಡಿದ ಮೇಲೆ ಏಳೂ ಐದೂ ಕೂಡಿ ಹನ್ನೆರಡಾದವು. ಆ ಒಂದು ವರ್ಷದ ಬಸ್ಸಿನ ಖರ್ಚು, ಬಿಟ್ಟ ಕೆಲಸ, ಕಚೇರಿಯ ಜಗಲಿಯಲ್ಲಿ ಕಾದ ಹೊತ್ತು ಇವುಗಳನ್ನು ಯಾರೂ ಯಾವ ಕಾಲಂನಲ್ಲೂ ಬರೆದುಕೊಳ್ಳಲಿಲ್ಲ.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಗ್ರಂಥಪಾಲರಾಗುವ ಮೊದಲು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. 1933ರಲ್ಲಿ ಅವರು ಪುಸ್ತಕಗಳನ್ನು ವಿಂಗಡಿಸುವ ತಮ್ಮ ಕೋಲನ್ ಪದ್ಧತಿಯನ್ನು ಪ್ರಕಟಿಸಿದರು. ಒಂದು ವಿಷಯವನ್ನು ಇಡಿಯಾಗಿ ಒಂದೇ ಗೂಡಿಗೆ ತುರುಕಬೇಡಿ, ಅದರ ಮುಖಗಳನ್ನು ಬಿಡಿಸಿ ಒಂದೊಂದಕ್ಕೂ ಬೇರೆ ಗುರುತು ಕೊಡಿ ಎಂಬುದು ಅವರ ದಾರಿ. ಆ ಮುಖಗಳಲ್ಲಿ ದೇಶವೂ ಒಂದು, ಕಾಲವೂ ಒಂದು. ಎಲ್ಲಿ ಮತ್ತು ಯಾವಾಗ ಎಂಬ ಪ್ರಶ್ನೆಗಳನ್ನು ಅವರು ಬಿಟ್ಟುಕೊಡಲಿಲ್ಲ.

ಅವರ ಮಾತನ್ನು ನಮ್ಮ ಮನೆವಾರ್ತೆಗೆ ಇಳಿಸಿಕೊಂಡರೆ ನಾಲ್ಕು ಸಂಗತಿ ಸಿಗುತ್ತವೆ. ಮುದ್ರೆ, ಕಂಪೆನಿ, ಊರು ಮೂರಕ್ಕೂ ಬೇರೆ ಬೇರೆ ಕಾಲಂ ಇರಬೇಕು. ಪ್ರತಿಯೊಂದಕ್ಕೂ ಹೆಸರನ್ನು ಅವಲಂಬಿಸದ ಒಂದು ಸಂಖ್ಯೆ ಇರಬೇಕು. ಹೆಸರು ಬದಲಾದಾಗ ಹಳೆಯದನ್ನು ಅಳಿಸದೆ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಈ ಹೆಸರು ಎಂದು ಪಕ್ಕದಲ್ಲಿ ಬರೆದಿಡಬೇಕು. ಕುಡ್ಲ, ಕೊಡಿಯಾಲ, ಮಂಗಳೂರು ಎಂದು ಯಾರು ಹೇಗೆ ಹುಡುಕಿದರೂ ಅದೇ ಜಾಗಕ್ಕೆ ದಾರಿ ತೋರಿಸುವ ಒಂದು ಮೂಲ ಪಟ್ಟಿ ಇರಬೇಕು, ಅದನ್ನು ತಿದ್ದುವ ಹೊಣೆ ಒಬ್ಬರದಾಗಿರಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾವು ಮಾಡುವುದೂ ಇದನ್ನೇ. ಹುಡುಗಿಯ ಹೆಸರನ್ನು ಮುಂದೆ ಯಾರು ತಿದ್ದಿಸಿಕೊಂಡರೂ ದಾಖಲಾತಿ ಸಂಖ್ಯೆ ಬದಲಾಗುವುದಿಲ್ಲ, ಹಳೆಯ ಹೆಸರಿನ ಮೇಲೆ ಒಂದೇ ಗೆರೆ ಎಳೆದು ಓದಲು ಬರುವಂತೆ ಬಿಟ್ಟಿರುತ್ತೇವೆ, ತಿದ್ದಿದ ದಿನಾಂಕ ಹಾಕಿ ಮುಖ್ಯೋಪಾಧ್ಯಾಯರು ಸಹಿ ಮಾಡುತ್ತಾರೆ.

ದೊಡ್ಡ ಪಟ್ಟಿಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕಪಾಟಿನ ಕಾಗದ ನಮ್ಮ ಕೈಯಲ್ಲಿದೆ. ಬ್ಯಾಂಕು ಹೊಸ ಪಾಸ್‌ಪುಸ್ತಕ ಕೊಟ್ಟಾಗ ಹಳೆಯದನ್ನು ಒಲೆಗೆ ಹಾಕಬೇಡಿ. ಮದುವೆಯ ಮೊದಲಿನ ಹೆಸರು, ತವರಿನ ಊರು ಇರುವ ಕಾಗದವನ್ನು ಜೋಪಾನ ಮಾಡಿ. ಯಾವ ಕಂಪೆನಿ ಯಾವ ವರ್ಷ ಏನಾಯಿತು, ಭವಿಷ್ಯನಿಧಿಯ ಸಂಖ್ಯೆ ಏನು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಇಸವಿ ಸಮೇತ ಬರೆದಿಡಿ. ಗಂಡನ, ಮಕ್ಕಳ ಕಾಗದಗಳನ್ನು ಕಾಯುವ ನಾವು ನಮ್ಮವನ್ನು ಅಕ್ಕಿ ಡಬ್ಬದ ಕೆಳಗೆ ಮರೆತಿರುತ್ತೇವೆ. ಆ ಡಬ್ಬದ ಕೆಳಗಿನ ಚೀಟಿಯಲ್ಲೇ ಏಳು ವರ್ಷದ ದುಡಿಮೆ ಇರಬಹುದು.